ಮಿನಿ ಎಕ್ಸ್‌ಕವೇಟರ್ ಹೈಡ್ರಾಲಿಕ್ ತೊಂದರೆ: ಪಂಪ್ ಬಿಚ್ಚುವ ಮೊದಲು ದೋಷ ಹುಡುಕುವ ದಾರಿ

ಬೂಮ್, ಅಂದರೆ ಗಾಡಿಗೆ ಸೇರಿದ ದೊಡ್ಡ ತೋಳು, ಸರಿಯಾಗಿ ಏಳುತ್ತಿಲ್ಲ ಎಂದರೆ ಸುತ್ತ ನಿಂತವರ ಬಾಯಲ್ಲಿ ಬರುವ ಮೊದಲ ಮಾತು ‘ಪಂಪ್ ಹೋಗಿದೆ’. ಮಿನಿ ಎಕ್ಸ್‌ಕವೇಟರ್‌ನ ಹೈಡ್ರಾಲಿಕ್‌ನಲ್ಲಿ ಅತಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಕೊನೆಗೆ ಅನುಮಾನಿಸಬೇಕಾದ ಭಾಗವೂ ಅದೇ. ಫ್ಯೂಸ್, ಲಾಕ್ ಲಿವರ್‌ನ (ಉಳಿದ ಲಿವರ್‌ಗಳು ಕೆಲಸ ಮಾಡದಂತೆ ತಡೆಯುವ ಲಿವರ್) ಸ್ವಿಚ್, ಕಟ್ಟಿದ ಫಿಲ್ಟರ್, ರಿಲೀಫ್ ವಾಲ್ವ್‌ನಲ್ಲಿ (ಒತ್ತಡ ಮಿತಿ ಮೀರಿದಾಗ ಆಯಿಲನ್ನು ಟ್ಯಾಂಕಿಗೆ ಬಿಡುವ ವಾಲ್ವ್) ಸಿಕ್ಕಿಕೊಂಡ ಕಸ, ಒಳಗೆ ಹರಿದ ಹೋಸ್ ಇವೆಲ್ಲವೂ ಪಂಪ್ ಕೆಟ್ಟಂತೆಯೇ ನಟಿಸುತ್ತವೆ. ಆದ್ದರಿಂದ ಭಾಗ ಬದಲಿಸಿ ನೋಡುವುದಕ್ಕಿಂತ, ದೋಷ ಎಲ್ಲಿದೆ ಎಂಬ ವ್ಯಾಪ್ತಿಯನ್ನು ಕಡಿಮೆ ಮಾಡುತ್ತಾ ಹೋಗುವುದು ಅಗ್ಗದ ದಾರಿ. ಈ ಬರಹದಲ್ಲಿ ಇರುವುದು ಆ ದಾರಿ.

ಇಲ್ಲಿ ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸಕ್ಕೆ ಕಣ್ಣು, ಕಿವಿ, ಸ್ಪ್ಯಾನರ್ ಸೆಟ್ ಸಾಕು. ಉಳಿದದ್ದಕ್ಕೆ ಎರಡು ಪ್ರೆಶರ್ ಗೇಜ್, ಹೋಸ್ ಮುಚ್ಚುವ ಕೆಲವು ಸ್ಟೀಲ್ ಪ್ಲಗ್, ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇಕು. ಮ್ಯಾನುಯಲ್‌ನಲ್ಲಿರುವ ಹೈಡ್ರಾಲಿಕ್ ನಕ್ಷೆಯನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಕೈ ಹಾಕುವ ಮೊದಲು

ಹೈಡ್ರಾಲಿಕ್ ಲೈನಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ, ಅದರಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಕೈಗವಸು ಅದನ್ನು ತಡೆಯುವುದಿಲ್ಲ. ಹೊರಗೆ ಕಾಣುವುದು ಸಣ್ಣ ಚುಕ್ಕೆ, ಮೊದಲು ನೋವೂ ಇರುವುದಿಲ್ಲ. ಒಳಗೆ ಮಾತ್ರ ಮಾಂಸ ಸಾಯಲು ಶುರುವಾಗಿರುತ್ತದೆ. ಹೀಗಾದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ‘ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ’ ಎಂದು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಮುಲಾಮು ಹಚ್ಚಿ ಕಳಿಸಿಬಿಡುವ ಸಾಧ್ಯತೆ ಇದೆ. ಲೀಕ್ ಹುಡುಕಲು ಎಂದೂ ಕೈ ಆಡಿಸಬೇಡಿ. ಒಂದು ರಟ್ಟಿನ ತುಂಡನ್ನು ಹೋಸ್ ಉದ್ದಕ್ಕೂ ಸರಿಸಿದರೆ ಲೀಕ್ ಇರುವ ಕಡೆ ಆಯಿಲ್ ಕಲೆ ಬೀಳುತ್ತದೆ.

ಯಾವುದೇ ಹೋಸ್ ಬಿಚ್ಚುವ ಮುಂಚೆ ಒತ್ತಡ ಇಳಿಸುವ ಕ್ರಮ ಇದು:

1. ಗಾಡಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ. ಬಕೆಟ್, ಬ್ಲೇಡ್ (ಗಾಡಿಯ ಕೆಳಭಾಗದಲ್ಲಿರುವ ಮಣ್ಣು ತಳ್ಳುವ ಹಲಗೆ) ಎರಡೂ ನೆಲಕ್ಕೆ ಕೂರಲಿ.
2. ಇಂಜಿನ್ ಆಫ್ ಮಾಡಿ, ಕೀಯನ್ನು ಮತ್ತೆ ಆನ್ ಸ್ಥಾನಕ್ಕೆ ತಿರುಗಿಸಿ. ಇಂಜಿನ್ ಸ್ಟಾರ್ಟ್ ಮಾಡಬೇಡಿ. ಲಾಕ್ ಲಿವರನ್ನು ಕೆಲಸದ ಸ್ಥಾನಕ್ಕೆ ತನ್ನಿ.
3. ಎಲ್ಲ ಲಿವರ್, ಪೆಡಲ್‌ಗಳನ್ನೂ ಎರಡೂ ದಿಕ್ಕಿಗೆ ಹಲವು ಸಲ ಪೂರ್ತಿ ಆಡಿಸಿ. ಬ್ರೇಕರ್‌ಗೆ (ಕಲ್ಲು ಒಡೆಯುವ ಸುತ್ತಿಗೆ) ಹೋಗುವ ಎಕ್ಸ್‌ಟ್ರಾ ಲೈನಿನ ಪೆಡಲನ್ನೂ ಮರೆಯಬೇಡಿ.
4. ಟ್ಯಾಂಕಿನ ಕ್ಯಾಪ್ ಅಥವಾ ಬ್ರೀದರನ್ನು (ಟ್ಯಾಂಕಿಗೆ ಗಾಳಿ ಬಂದು ಹೋಗುವ ಕಿಂಡಿ) ನಿಧಾನ ಸಡಿಲಿಸಿ. ‘ಸ್ಸ್’ ಎಂದು ಗಾಳಿ ಹೋಗಲಿ.
5. ಆಯಿಲ್ ಬಿಸಿ ಇದ್ದರೆ ಆರುವವರೆಗೆ ಕಾಯಿರಿ.

ಇಷ್ಟು ಮಾಡಿದ ಮೇಲೂ ನಟ್ಟನ್ನು ಒಂದೇ ಸಲಕ್ಕೆ ಬಿಚ್ಚಬೇಡಿ. ಅರ್ಧ ಸುತ್ತು ಸಡಿಲಿಸಿ, ಆಯಿಲ್ ಒತ್ತಿಕೊಂಡು ಬರುತ್ತಿದೆಯೇ ನೋಡಿ, ಆಮೇಲೆ ಮುಂದುವರಿಯಿರಿ. ಹೈಡ್ರಾಲಿಕ್ ಮೇಲೆಯೇ ನಿಂತಿರುವ ಬೂಮ್ ಕೆಳಗೆ ಯಾರೂ ಹೋಗಕೂಡದು, ಐದು ಸೆಕೆಂಡಿಗೂ ಸಹ.

ಗಾಡಿಯೊಳಗೆ ಆಯಿಲ್ ಹೋಗುವ ದಾರಿ

ನಕ್ಷೆ ಓದಲು ಬಾರದಿದ್ದರೂ ಇಷ್ಟು ತಿಳಿದಿದ್ದರೆ ಸಾಕು. ಟ್ಯಾಂಕಿನಿಂದ ಆಯಿಲ್ ಸಕ್ಷನ್ ಜಾಲರಿ ದಾಟಿ ಪಂಪಿಗೆ ಬರುತ್ತದೆ. ಪಂಪ್ ಅದನ್ನು ಕಂಟ್ರೋಲ್ ವಾಲ್ವ್ ಬ್ಲಾಕಿಗೆ ತಳ್ಳುತ್ತದೆ. ಬ್ಲಾಕಿನಲ್ಲಿ ಬೂಮ್, ಆರ್ಮ್ (ಬೂಮ್ ತುದಿಯ ಎರಡನೇ ತೋಳು), ಬಕೆಟ್, ಸ್ವಿಂಗ್ (ಮೇಲಿನ ಭಾಗ ಸುತ್ತುವುದು), ಎರಡು ಟ್ರ್ಯಾಕ್, ಬ್ಲೇಡ್ ಹೀಗೆ ಒಂದೊಂದಕ್ಕೆ ಒಂದೊಂದು ಸ್ಪೂಲ್ (ತೂತಿನೊಳಗೆ ಸರಿಯುತ್ತಾ ಆಯಿಲ್‌ಗೆ ದಾರಿ ತೆರೆಯುವ ಕಡ್ಡಿ) ಇರುತ್ತದೆ. ಸ್ಪೂಲ್ ಸರಿದ ದಿಕ್ಕಿಗೆ ತಕ್ಕಂತೆ ಆಯಿಲ್ ಸಿಲಿಂಡರ್‌ಗೋ ಮೋಟಾರ್‌ಗೋ ಹೋಗಿ, ಕೂಲರ್ ಮತ್ತು ರಿಟರ್ನ್ ಫಿಲ್ಟರ್ ಮೂಲಕ ಟ್ಯಾಂಕಿಗೆ ವಾಪಸ್ ಬರುತ್ತದೆ. ಟ್ರ್ಯಾಕ್ ಮತ್ತು ಬ್ಲೇಡಿನ ಆಯಿಲ್ ಮಾತ್ರ ಗಾಡಿಯ ನಡುವಿನ ಸೆಂಟರ್ ಜಾಯಿಂಟ್ ಹಾದು ಕೆಳಗೆ ಇಳಿಯುತ್ತದೆ. ಮೇಲಿನ ಭಾಗ ಸುತ್ತಿದರೂ ಹೋಸ್ ತಿರುಚಿಕೊಳ್ಳದಂತೆ ಮಾಡುವುದು ಈ ಜಾಯಿಂಟ್.

ಜಾಯ್‌ಸ್ಟಿಕ್ ಇರುವ ಹೆಚ್ಚಿನ ಗಾಡಿಗಳಲ್ಲಿ ಲಿವರ್ ನೇರವಾಗಿ ಸ್ಪೂಲನ್ನು ಎಳೆಯುವುದಿಲ್ಲ. ಬೇರೆ ಒಂದು ಸಣ್ಣ ಒತ್ತಡದ ಲೈನ್ ಸ್ಪೂಲನ್ನು ತಳ್ಳುತ್ತದೆ. ಅದೇ ಪೈಲಟ್ ಲೈನ್. ಮುಖ್ಯ ಲೈನಿನ ಒತ್ತಡ ಸಾಮಾನ್ಯವಾಗಿ 200ರಿಂದ 250 ಬಾರ್ ಆಸುಪಾಸು, ಪೈಲಟ್ ಒತ್ತಡ 30ರಿಂದ 40 ಬಾರ್ ಆಸುಪಾಸು. ನಿಮ್ಮ ಗಾಡಿಯ ಅಂಕಿ ಮ್ಯಾನುಯಲ್‌ನಲ್ಲಿ ಏನಿದೆಯೋ ಅದೇ ಅಂತಿಮ. ಒಂದು ಟನ್ ಆಸುಪಾಸಿನ ಕೆಲವು ಚಿಕ್ಕ ಗಾಡಿಗಳಲ್ಲಿ ಪೈಲಟ್ ಲೈನೇ ಇಲ್ಲ. ಲಿವರ್‌ಗೆ ಕಡ್ಡಿಯೋ ಕೇಬಲ್ಲೋ ಕಟ್ಟಿರುತ್ತದೆ.

ಪಂಪ್ ಎಂದರೂ ಒಂದೇ ಇರಬೇಕೆಂದಿಲ್ಲ. ಅನೇಕ ಮಿನಿಗಳಲ್ಲಿ ಒಂದೇ ಶಾಫ್ಟ್ ಮೇಲೆ ಎರಡು ಪಿಸ್ಟನ್ ಪಂಪ್, ಸ್ವಿಂಗ್ ಮತ್ತು ಬ್ಲೇಡಿಗೆ ಒಂದು ಗೇರ್ ಪಂಪ್, ಪೈಲಟ್‌ಗೆ ಇನ್ನೊಂದು ಚಿಕ್ಕ ಪಂಪ್ ಇರುತ್ತವೆ. ಯಾವ ಪಂಪ್ ಯಾವ ಕೆಲಸಕ್ಕೆ ಎಂಬುದನ್ನು ನಕ್ಷೆಯಿಂದ ಒಂದು ಚೀಟಿಗೆ ಬರೆದುಕೊಳ್ಳಿ. ದೋಷ ಹುಡುಕುವಾಗ ಈ ಚೀಟಿಯಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಹೆಜ್ಜೆ 1: ಗಾಡಿಗೆ ಮೂರು ಪ್ರಶ್ನೆ

ಮೊದಲ ಪ್ರಶ್ನೆ: ಎಲ್ಲವೂ ಕೆಟ್ಟಿದೆಯೋ, ಕೆಲವೋ, ಒಂದೇ ಒಂದೋ? ಎಲ್ಲ ಕೆಲಸವೂ ಒಟ್ಟಿಗೆ ಸೊರಗಿದ್ದರೆ ದೋಷ ಎಲ್ಲದಕ್ಕೂ ಸೇರಿದ ಜಾಗದಲ್ಲಿದೆ: ಆಯಿಲ್, ಸಕ್ಷನ್, ಇಂಜಿನ್, ಪೈಲಟ್ ಒತ್ತಡ, ಪಂಪ್ ಜೋಡಣೆ. ಕೆಲವು ಮಾತ್ರ ಸೊರಗಿದ್ದರೆ ಚೀಟಿ ತೆಗೆಯಿರಿ. ಆ ಕೆಲವೂ ಒಂದೇ ಪಂಪಿಗೆ ಸೇರಿವೆಯೇ? ಸೇರಿದ್ದರೆ ಆ ಪಂಪ್ ಅಥವಾ ಅದರ ರಿಲೀಫ್ ವಾಲ್ವ್ ಕಡೆ ಹೋಗಿ. ಒಂದೇ ಕೆಲಸ ಕೆಟ್ಟಿದ್ದರೆ ಪಂಪನ್ನು ಮರೆತುಬಿಡಿ. ಬಕೆಟ್ ಚೆನ್ನಾಗಿ ಆಡುತ್ತಿರುವಾಗ ಅದೇ ಪಂಪಿನ ಬೂಮ್ ಮಾತ್ರ ಆಡದಿದ್ದರೆ ಅದಕ್ಕೆ ಪಂಪ್ ಹೇಗೆ ಕಾರಣ ಆಗುತ್ತದೆ, ಹೇಳಿ?

ಎರಡನೆಯದು: ನಿಧಾನವೋ, ಬಲಹೀನವೋ? ಹರಿವು ಕಡಿಮೆಯಾದರೆ ವೇಗ ಹೋಗುತ್ತದೆ, ಒತ್ತಡ ಕಡಿಮೆಯಾದರೆ ಬಲ ಹೋಗುತ್ತದೆ. ಖಾಲಿ ಬಕೆಟ್ ಎಂದಿನ ವೇಗದಲ್ಲೇ ಆಡಿ, ಮಣ್ಣಿಗೆ ಇಳಿಸಿದ ಕೂಡಲೇ ನಿಂತುಬಿಟ್ಟರೆ ಅದು ಒತ್ತಡದ ಸಮಸ್ಯೆ. ರಿಲೀಫ್ ವಾಲ್ವ್ ಮೊದಲ ಅನುಮಾನ. ಮಣ್ಣು ಅಗೆಯುವ ಬಲ ಇದ್ದು, ಆದರೆ ಎಲ್ಲವೂ ತೆವಳುತ್ತಿದ್ದರೆ ಅದು ಹರಿವಿನ ಸಮಸ್ಯೆ. ಸಕ್ಷನ್, ಇಂಜಿನ್ ಆರ್‌ಪಿಎಂ, ಸ್ಪೂಲ್ ಪೂರ್ತಿ ಸರಿಯದಿರುವುದು, ಪಂಪಿನ ಸ್ವಾಶ್ ಪ್ಲೇಟ್ (ಪಂಪ್ ಎಷ್ಟು ಆಯಿಲ್ ತಳ್ಳಬೇಕು ಎಂದು ನಿರ್ಧರಿಸುವ ಓರೆ ತಟ್ಟೆ) ನಿಯಂತ್ರಣ ಇವು ಅನುಮಾನಗಳು.

ಮೂರನೆಯದು: ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಬೆಳಗ್ಗೆ ತೆವಳಿ, ಬಿಸಿಯಾದ ಮೇಲೆ ಸರಿಯಾದರೆ ಆಯಿಲ್ ದಪ್ಪ ಜಾಸ್ತಿ ಅಥವಾ ಜಾಲರಿ, ಫಿಲ್ಟರ್ ಕಟ್ಟಿದೆ. ಬೆಳಗ್ಗೆ ಚುರುಕಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸೋತುಹೋದರೆ ಒಳಗೆಲ್ಲೋ ಸವೆತ ಇದೆ. ಬಿಸಿ ಆಯಿಲ್ ತೆಳ್ಳಗಾಗಿ ಸವೆದ ಸಂದುಗಳಲ್ಲಿ ನುಸುಳಿ ಹೋಗುತ್ತಿದೆ. ಪಂಪ್ ನಿಜವಾಗಿಯೂ ಸವೆದಿದ್ದರೆ ಸಾಮಾನ್ಯವಾಗಿ ಹೀಗೇ ತೋರಿಸಿಕೊಳ್ಳುತ್ತದೆ. ರಾತ್ರಿ ಸರಿ ಇದ್ದದ್ದು ಬೆಳಗ್ಗೆ ಪೂರ್ತಿ ಸತ್ತುಹೋಗಿದ್ದರೆ ಅದು ಸವೆತ ಅಲ್ಲ. ಮುರಿದದ್ದು, ಸಿಕ್ಕಿಕೊಂಡದ್ದು ಅಥವಾ ವೈರಿಂಗ್.

ಉತ್ತರಗಳನ್ನು ಬರೆದಿಡಿ. ಆಪರೇಟರ್ ಬೇರೆಯವರಾದರೆ ಅವರನ್ನೇ ಕೂರಿಸಿ ಕೇಳಿ. ‘ಇದಕ್ಕೆ ಮುಂಚೆ ಏನು ಕೆಲಸ ಮಾಡಿಸಿದ್ದಿರಿ?’ ಎಂಬ ಪ್ರಶ್ನೆಯನ್ನು ಮರೆಯಬೇಡಿ. ಹೋಸ್ ಬದಲಿಸಿದ ಮರುದಿನ ಶುರುವಾದ ತೊಂದರೆಗೆ ಕಾರಣ ಆ ಹೋಸಿನ ಸುತ್ತಮುತ್ತಲೇ ಇರುವುದು ಹೆಚ್ಚು.

ಹೆಜ್ಜೆ 2: ಆಯಿಲ್ ಮತ್ತು ಫಿಲ್ಟರ್

ಆಯಿಲ್ ಮಟ್ಟ ನೋಡಲು ಗಾಡಿ ಯಾವ ಭಂಗಿಯಲ್ಲಿರಬೇಕು ಎಂದು ಮ್ಯಾನುಯಲ್ ಹೇಳಿರುತ್ತದೆ. ಸಿಲಿಂಡರ್‌ಗಳು ಹೊರಗೆ ಚಾಚಿದಷ್ಟೂ ಆಯಿಲ್ ಅವುಗಳ ಒಳಗೆ ಇರುತ್ತದೆ, ಟ್ಯಾಂಕಿನಲ್ಲಿ ಕಡಿಮೆ ಕಾಣುತ್ತದೆ. ತಪ್ಪು ಭಂಗಿಯಲ್ಲಿ ನೋಡಿ ಆಯಿಲ್ ಸುರಿದರೆ, ಸಿಲಿಂಡರ್ ಒಳಗೆ ಹೋದಾಗ ಬ್ರೀದರ್‌ನಿಂದ ಉಕ್ಕುತ್ತದೆ.

ಸೈಟ್ ಗ್ಲಾಸಿನಲ್ಲಿ ಬಣ್ಣ ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಗಾಳಿ ಸೇರುತ್ತಿದೆ. ಎರಡರ ನಡುವೆ ಅನುಮಾನ ಬಂದರೆ ಒಂದು ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಇಡಿ. ಗಾಳಿಯಾದರೆ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ, ನೀರಾದರೆ ಮಬ್ಬು ಹೋಗುವುದಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗಾಡಿ ಬಹಳ ಕಾಲದಿಂದ ಬಿಸಿಯಲ್ಲಿ ಓಡಿದೆ ಎಂದರ್ಥ.

ಆಯಿಲ್ ಗ್ರೇಡ್ ಹೆಚ್ಚಿನ ಮಿನಿಗಳಿಗೆ ಐಎಸ್‌ಒ ವಿಜಿ 46, ಬಹಳ ಬಿಸಿ ಜಾಗಗಳಲ್ಲಿ 68, ಬಹಳ ಚಳಿಯಲ್ಲಿ 32. ಸಿಕ್ಕಿದ ಆಯಿಲ್ ಸುಮ್ನೆ ಬೆರೆಸಿ ಮಟ್ಟ ತುಂಬಿಸುವ ಅಭ್ಯಾಸ ಒಳ್ಳೆಯದಲ್ಲ.

ಹಳೆಯ ರಿಟರ್ನ್ ಫಿಲ್ಟರನ್ನು ಎಸೆಯುವ ಮುಂಚೆ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಹೈಡ್ರಾಲಿಕ್ ದೋಷದ ಬಗ್ಗೆ ಇಷ್ಟು ಅಗ್ಗದಲ್ಲಿ ಇಷ್ಟು ವಿಷಯ ಹೇಳುವ ಪರೀಕ್ಷೆ ಬೇರೆ ಇಲ್ಲ. ಹಿತ್ತಾಳೆ ಬಣ್ಣದ ಚೂರು ಹೊಳೆದರೆ ಪಿಸ್ಟನ್ ಪಂಪಿನ ಅಥವಾ ಮೋಟಾರಿನ ಒಳಭಾಗ ಸವೆಯುತ್ತಿದೆ. ಅಯಸ್ಕಾಂತಕ್ಕೆ ಅಂಟುವ ಚೂರು ಬೇರಿಂಗ್, ಗೇರ್ ಕಡೆಯದು. ಕಪ್ಪು ರಬ್ಬರ್ ತುಣುಕು ಸಿಲಿಂಡರ್ ಸೀಲ್ ಅಥವಾ ಹೋಸಿನ ಒಳಪದರದ್ದು. ಲೋಹದ ಚೂರು ಕಂಡ ಮೇಲೆ ಫಿಲ್ಟರ್ ಒಂದನ್ನೇ ಬದಲಿಸಿ ಮುಂದೆ ಓಡಿಸುವುದು ಬೇಡ. ಆ ಚೂರು ಪ್ರತಿ ಸ್ಪೂಲಿಗೂ ತಲುಪುತ್ತದೆ.

ಟ್ಯಾಂಕಿನಲ್ಲಿ ಆಯಿಲ್ ಕಡಿಮೆಯಾಗುತ್ತಿದೆ, ಹೊರಗೆ ಒಂದು ಹನಿಯೂ ಇಲ್ಲ ಎಂಬ ದೂರು ಬಂದರೆ ಆಯಿಲ್ ಬೇರೆ ಯಾವುದೋ ಪೆಟ್ಟಿಗೆಯೊಳಗೆ ಹೋಗುತ್ತಿದೆ. ಟ್ರ್ಯಾಕ್ ಮೋಟಾರಿನ ಶಾಫ್ಟ್ ಸೀಲ್ ಹೋಗಿದ್ದರೆ ಫೈನಲ್ ಡ್ರೈವ್‌ನ (ಟ್ರ್ಯಾಕ್ ತಿರುಗಿಸುವ ಗೇರ್ ಪೆಟ್ಟಿಗೆ) ಗೇರ್ ಆಯಿಲ್ ಮಟ್ಟ ಏರಿರುತ್ತದೆ. ಪ್ಲಗ್ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಸ್ವಿಂಗ್ ಗೇರ್‌ಬಾಕ್ಸನ್ನೂ, ಪಂಪ್ ಇಂಜಿನ್ನಿಗೆ ಸೇರುವ ಜಾಗವನ್ನೂ ಹೀಗೇ ನೋಡಿ.

ಹೆಜ್ಜೆ 3: ಏನೂ ಅಲುಗುತ್ತಿಲ್ಲ

ಇಂಜಿನ್ ಚೆನ್ನಾಗಿ ಓಡುತ್ತಿದೆ, ಯಾವ ಲಿವರ್ ಎಳೆದರೂ ಗಾಡಿ ಕಲ್ಲಿನಂತೆ ನಿಂತಿದೆ. ನೋಡಿದವರಿಗೆ ಎದೆ ಧಸಕ್ ಎನ್ನುತ್ತದೆ. ಆದರೆ ಅನೇಕ ಸಲ ಇದೇ ಅತಿ ಅಗ್ಗದ ದೋಷ.

ಲಾಕ್ ಲಿವರ್ ಎತ್ತಿದಾಗ ಪೈಲಟ್ ಆಯಿಲ್ ಕಡಿದುಹೋಗುತ್ತದೆ. ಇಳಿಸಿದಾಗ ಒಂದು ಸ್ವಿಚ್ ಒತ್ತಿ, ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ಟಾಗ ತೆರೆಯುವ ವಾಲ್ವ್) ತೆರೆದು, ಪೈಲಟ್ ಆಯಿಲ್ ಜಾಯ್‌ಸ್ಟಿಕ್‌ಗೆ ಬರುತ್ತದೆ. ಈ ಸಾಲಿನಲ್ಲಿ ಎಲ್ಲಿ ಕಡಿದರೂ ಗಾಡಿ ಸತ್ತಂತೆಯೇ. ಕ್ರಮವಾಗಿ ಹೋಗಿ:

1. ಲಾಕ್ ಲಿವರ್ ಪೂರ್ತಿ ಕೂತಿದೆಯೇ? ಸ್ವಿಚ್ಚಿನ ಮೇಲೆ ಮಣ್ಣು ಗಟ್ಟಿಯಾಗಿದೆಯೇ?
2. ಫ್ಯೂಸ್ ಸುಟ್ಟಿದೆಯೇ? ಹೊಸದೂ ಸುಟ್ಟರೆ ವೈರ್ ಎಲ್ಲೋ ಬಾಡಿಗೆ ತಾಗಿದೆ.
3. ಕೀ ಆನ್ ಇಟ್ಟು ಲಿವರ್ ಏರಿಸಿ ಇಳಿಸಿ. ಸೊಲೆನಾಯ್ಡ್‌ನಲ್ಲಿ ‘ಟಿಕ್’ ಸದ್ದು ಬರಬೇಕು. ಬರದಿದ್ದರೆ ಅದರ ಪ್ಲಗ್‌ನಲ್ಲಿ ಮೀಟರ್ ಇಟ್ಟು ಕರೆಂಟ್ ಬರುತ್ತಿದೆಯೇ ನೋಡಿ. ಕರೆಂಟ್ ಇದ್ದೂ ಟಿಕ್ ಇಲ್ಲ ಎಂದರೆ ಕಾಯಿಲ್ ಹೋಗಿರಬಹುದು, ಇಲ್ಲವೇ ವಾಲ್ವ್ ಸಿಕ್ಕಿಕೊಂಡಿರಬಹುದು.
4. ಟಿಕ್ ಬಂದರೂ ಗಾಡಿ ಅಲುಗದಿದ್ದರೆ ಪೈಲಟ್ ಲೈನಿಗೆ ಗೇಜ್ ಹಾಕಿ. ಒತ್ತಡ ಇಲ್ಲವೆಂದರೆ ಪೈಲಟ್ ಫಿಲ್ಟರ್, ಪೈಲಟ್ ರಿಲೀಫ್ ನೋಡಿ.
5. ಪೈಲಟ್ ಮತ್ತು ಮುಖ್ಯ ಒತ್ತಡ ಎರಡೂ ಸೊನ್ನೆ ಇದ್ದರೆ ಪಂಪ್ ತಿರುಗುತ್ತಿದೆಯೇ ಎಂಬುದೇ ಪ್ರಶ್ನೆ. ಇಂಜಿನ್ ಮತ್ತು ಪಂಪ್ ನಡುವಿನ ಕಪ್ಲಿಂಗ್‌ನ ರಬ್ಬರ್ ಅಥವಾ ಹಲ್ಲು ತಿಂದುಹೋದರೆ ಇಂಜಿನ್ ತನ್ನ ಪಾಡಿಗೆ ಓಡುತ್ತದೆ, ಪಂಪ್ ಸುಮ್ಮನಿರುತ್ತದೆ.

ಲಿವರ್ ಎಳೆದರೆ ಬೇರೆಯದೇ ಏನೋ ಆಡುತ್ತಿದ್ದರೆ ಅಥವಾ ಬೂಮ್, ಆರ್ಮ್ ಮಾತ್ರ ಸುಮ್ಮನಿದ್ದರೆ ಪ್ಯಾಟರ್ನ್ ಬದಲಿಸುವ ವಾಲ್ವ್, ಅಂದರೆ ಯಾವ ಲಿವರ್ ಯಾವುದನ್ನು ಆಡಿಸಬೇಕು ಎಂಬುದನ್ನು ಅದಲು ಬದಲು ಮಾಡುವ ವಾಲ್ವ್, ಇದೆಯೇ ನೋಡಿ. ಅದರ ಹಿಡಿ ನಡುವೆ ನಿಂತಿದ್ದರೆ ಇಂಥ ಚೇಷ್ಟೆ ಆಗುತ್ತದೆ.

ಹೆಜ್ಜೆ 4: ಎಲ್ಲವೂ ಸೊರಗಿದೆ

ಮೊದಲು ಇಂಜಿನ್ ಸದ್ದು ಕೇಳಿ. ಗಾಡಿ ಬಿಸಿಯಾದ ಮೇಲೆ ಫುಲ್ ಥ್ರಾಟಲ್ ಕೊಟ್ಟು, ಬಕೆಟನ್ನು ಪೂರ್ತಿ ಒಳಗೆ ಮಡಚಿ, ಲಿವರನ್ನು ಎರಡು ಮೂರು ಸೆಕೆಂಡ್ ಹಾಗೇ ಹಿಡಿಯಿರಿ. ಸಿಲಿಂಡರ್ ಕೊನೆಗೆ ತಲುಪಿದ್ದರಿಂದ ಒತ್ತಡ ರಿಲೀಫ್ ವಾಲ್ವ್ ತೆರೆಯುವಷ್ಟು ಏರಬೇಕು, ಇಂಜಿನ್ನಿಗೆ ಭಾರ ಬಿದ್ದು ಸದ್ದು ಸ್ವಲ್ಪ ತಗ್ಗಬೇಕು.

ಇಂಜಿನ್ ಸದ್ದು ಬದಲಾಗಲೇ ಇಲ್ಲ ಎಂದರೆ ಅದಕ್ಕೆ ಭಾರವೇ ತಾಗಿಲ್ಲ. ಒತ್ತಡ ಕಟ್ಟುತ್ತಿಲ್ಲ ಅಥವಾ ಪಂಪ್ ಆಯಿಲ್ ಕೊಡುತ್ತಿಲ್ಲ. ಇದು ಹೈಡ್ರಾಲಿಕ್ ದೋಷ. ಇಂಜಿನ್ ಏದುಸಿರು ಬಿಟ್ಟು, ಕಪ್ಪು ಹೊಗೆ ಕಾರಿ, ನಿಲ್ಲುವ ಹಾಗಾದರೆ ಹೈಡ್ರಾಲಿಕ್ ಬಲವಾಗಿಯೇ ಇದೆ. ಸೋತಿರುವುದು ಇಂಜಿನ್, ಇಲ್ಲವೇ ಪಂಪಿನ ಹರಿವನ್ನು ಭಾರಕ್ಕೆ ತಕ್ಕಂತೆ ಇಳಿಸುವ ನಿಯಂತ್ರಣ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ ನೋಡಿ. ಇವೆರಡರಿಂದ ಗಾಡಿ ಸರಿಹೋಗಿ, ಪಂಪ್ ರಿಪೇರಿಗೆ ಎತ್ತಿಟ್ಟ ಹಣ ಉಳಿದ ಉದಾಹರಣೆ ಬೇಕಾದಷ್ಟಿವೆ.

ಆಮೇಲೆ ಸಕ್ಷನ್. ಟ್ಯಾಂಕಿನಿಂದ ಪಂಪಿಗೆ ಬರುವ ದಪ್ಪ ಹೋಸಿನಲ್ಲಿ ಲೀಕ್ ಇದ್ದರೆ ಆಯಿಲ್ ಹೊರಗೆ ಬಾರದೇ ಇರಬಹುದು, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಹನಿ ಹುಡುಕಿದರೆ ಸಿಗುವುದಿಲ್ಲ. ಇಂಜಿನ್ ಓಡುತ್ತಿರುವಾಗ ಬೆಲ್ಟ್, ಫ್ಯಾನ್‌ನಿಂದ ದೂರವಿದ್ದು, ಆ ಹೋಸಿನ ಕ್ಲಾಂಪ್‌ಗಳ ಮೇಲೆ ಒಂದೊಂದಾಗಿ ಆಯಿಲ್ ಬಿಡಿ ಅಥವಾ ಗ್ರೀಸ್ ಬಳಿಯಿರಿ. ಯಾವ ಕ್ಲಾಂಪಿಗೆ ಬಳಿದಾಗ ಪಂಪಿನ ಸದ್ದು ಬದಲಾಗುತ್ತದೋ ಅಲ್ಲೇ ಗಾಳಿ ನುಗ್ಗುತ್ತಿದೆ. ಹೋಸ್ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತಿದೆಯೇ ಎಂದೂ ನೋಡಿ.

ಸದ್ದಿನಲ್ಲೇ ಎರಡು ಬಗೆ ಇದೆ. ಒಂದೇ ಸಮನೆ ಕೀರಲು ಊಳಿಟ್ಟರೆ ಪಂಪಿಗೆ ಆಯಿಲ್ ಸಾಲುತ್ತಿಲ್ಲ. ಜಾಲರಿ ಕಟ್ಟಿದೆ, ಆಯಿಲ್ ದಪ್ಪ ಇದೆ ಅಥವಾ ಬ್ರೀದರ್ ಮುಚ್ಚಿದೆ. ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ ಗಡಗಡ ಎಂದು, ಟ್ಯಾಂಕಿನಲ್ಲಿ ನೊರೆಯೂ ಇದ್ದರೆ ಗಾಳಿ ಸೇರುತ್ತಿದೆ. ಬ್ರೀದರ್ ಮುಚ್ಚಿದೆಯೇ ಎಂದು ತಿಳಿಯಲು ಟ್ಯಾಂಕ್ ಕ್ಯಾಪ್ ಸಡಿಲಿಸಿ ಓಡಿಸಿ ನೋಡಿ. ಸದ್ದು ನಿಂತರೆ ಉತ್ತರ ಸಿಕ್ಕಿತು.

ಗೇಜ್ ಹಾಕುವುದು

ಮುಖ್ಯ ಲೈನಿಗೆ 0ರಿಂದ 400 ಬಾರ್, ಪೈಲಟ್‌ಗೆ 0ರಿಂದ 60 ಬಾರ್ ಗೇಜ್ ಇಟ್ಟುಕೊಳ್ಳಿ. ಪೈಲಟ್ ಗೇಜನ್ನು ಅಪ್ಪಿತಪ್ಪಿ ಮುಖ್ಯ ಲೈನಿಗೆ ಹಾಕಿದರೆ ಅದು ಒಡೆಯುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ. ಅನೇಕ ಗಾಡಿಗಳಲ್ಲಿ ಪಂಪ್ ಹತ್ತಿರ ಟೆಸ್ಟ್ ಪೋರ್ಟ್ ಇರುತ್ತದೆ. ಆಯಿಲ್ ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಅಳೆಯಿರಿ. ತಣ್ಣನೆಯ ಆಯಿಲ್‌ನಲ್ಲಿ ಸವೆದ ಭಾಗವೂ ಒಳ್ಳೆಯ ಅಂಕಿ ತೋರಿಸುತ್ತದೆ.

ಒಂದೊಂದೇ ಕೆಲಸವನ್ನು ಸಿಲಿಂಡರ್ ಕೊನೆಯವರೆಗೆ ಒತ್ತಿ, ಅಂಕಿ ಬರೆದುಕೊಳ್ಳಿ. ಒಂದೇ ಪಂಪಿನ ಎಲ್ಲ ಕೆಲಸಗಳಲ್ಲೂ ಅಂಕಿ ಕಡಿಮೆ ಇದ್ದರೆ ಮುಖ್ಯ ರಿಲೀಫ್ ವಾಲ್ವ್ ಅಥವಾ ಪಂಪ್. ಒಂದರಲ್ಲಿ ಮಾತ್ರ ಕಡಿಮೆ ಇದ್ದರೆ ಆ ಕೆಲಸದ ಪೋರ್ಟ್ ರಿಲೀಫ್ (ಆ ಒಂದು ಲೈನನ್ನು ಮಾತ್ರ ಕಾಯುವ ರಿಲೀಫ್ ವಾಲ್ವ್), ಸ್ಪೂಲ್ ಅಥವಾ ಸಿಲಿಂಡರ್. ಒಂದೇ ದಿಕ್ಕಿನಲ್ಲಿ ಕಡಿಮೆ, ಇನ್ನೊಂದರಲ್ಲಿ ಸರಿ ಎಂದರೆ ಆ ದಿಕ್ಕಿನ ಪೋರ್ಟ್ ರಿಲೀಫ್ ಮೊದಲ ಅನುಮಾನ. ಎರಡು ಮುಖ್ಯ ಪಂಪಿನ ಗಾಡಿಗಳಲ್ಲಿ ಎರಡಕ್ಕೂ ಒಂದೊಂದು ರಿಲೀಫ್ ವಾಲ್ವ್ ಇದ್ದು, ಎರಡೂ ಒಂದೇ ಬಗೆಯದಾಗಿದ್ದರೆ ಅದಲು ಬದಲು ಮಾಡಿ ನೋಡಿ. ದೋಷ ಇನ್ನೊಂದು ಕಡೆಗೆ ಹೋದರೆ ವಾಲ್ವ್ ಕೆಟ್ಟಿದೆ. ಅಲ್ಲೇ ಉಳಿದರೆ ವಾಲ್ವ್ ನಿರಪರಾಧಿ.

ಗೇಜ್ ಇಲ್ಲದೆ ರಿಲೀಫ್ ವಾಲ್ವ್ ತಿರುಗಿಸುವವರನ್ನು ಗಾಡಿಯ ಹತ್ತಿರ ಬಿಡಬೇಡಿ. ‘ಸ್ವಲ್ಪ ಟೈಟ್ ಮಾಡಿದೆ, ಬಲ ಬಂತು’ ಎಂದರೆ ಮುಂದಿನ ವಾರ ಹೋಸ್ ಒಡೆಯಬಹುದು, ಪಂಪ್ ಕೇಸ್ ಬಿರಿಯಬಹುದು. ಅಂಕಿ ಕಡಿಮೆ ಇದ್ದರೆ ಮೊದಲು ವಾಲ್ವ್ ಬಿಚ್ಚಿ, ತೊಳೆದು, ಸೀಟಿನಲ್ಲಿ ಕಸ, ಗೀರು ಇದೆಯೇ, ಸ್ಪ್ರಿಂಗ್ ಮುರಿದಿದೆಯೇ, ಓ ರಿಂಗ್ ಹರಿದಿದೆಯೇ ನೋಡಿ. ಸೆಟ್ಟಿಂಗ್ ತಾನಾಗಿ ಬದಲಾಗುವುದು ಅಪರೂಪ, ಕಸ ಸಿಕ್ಕಿಕೊಳ್ಳುವುದು ಸಾಮಾನ್ಯ.

ಹೆಜ್ಜೆ 5: ಒಂದೇ ಕೆಲಸ ಕೆಟ್ಟಿದೆ

ಇಲ್ಲಿ ಅದಲು ಬದಲು ಮಾಡುವುದೇ ಮುಖ್ಯ ಉಪಾಯ. ಆರ್ಮ್ ಹೊರಗೆ ಹೋಗುವುದು ನಿಧಾನ, ಬಕೆಟ್ ಸರಿಯಾಗಿದೆ ಎಂದುಕೊಳ್ಳಿ. ಕಂಟ್ರೋಲ್ ವಾಲ್ವ್ ಹತ್ತಿರ ಆ ಎರಡರ ಪೈಲಟ್ ಹೋಸ್‌ಗಳನ್ನು ಗುರುತು ಹಾಕಿ, ಅದಲು ಬದಲು ಮಾಡಿ. ಈಗ ಬಕೆಟ್ ಲಿವರ್ ಆರ್ಮನ್ನು ಆಡಿಸುತ್ತದೆ. ಮೊದಲೇ ತಿಳಿದಿರಲಿ, ಹತ್ತಿರ ಯಾರೂ ಇರದಿರಲಿ. ಆರ್ಮ್ ಈಗ ಚುರುಕಾಗಿ, ಬಕೆಟ್ ನಿಧಾನವಾದರೆ ದೋಷ ಜಾಯ್‌ಸ್ಟಿಕ್ ಕಡೆ: ಅದರ ಕೆಳಗಿನ ಪುಶ್ ರಾಡ್ ಸಿಕ್ಕಿಕೊಂಡಿರಬಹುದು, ರಬ್ಬರ್ ಬೂಟ್ ಹರಿದು ನೀರು ಇಳಿದು ತುಕ್ಕು ಹಿಡಿದಿರಬಹುದು. ಆರ್ಮ್ ಇನ್ನೂ ನಿಧಾನವೇ ಎಂದರೆ ದೋಷ ಸ್ಪೂಲಿನಿಂದ ಮುಂದೆ.

ಸ್ಪೂಲ್ ಸಿಕ್ಕಿಕೊಂಡಿದ್ದರೆ ಲಿವರ್ ಬಿಟ್ಟರೂ ಕೆಲಸ ನಿಲ್ಲದೆ ಮುಂದುವರಿಯುವುದೂ ಉಂಟು. ಅದು ಅಪಾಯ. ಕೂಡಲೇ ಗಾಡಿ ನಿಲ್ಲಿಸಿ. ಸ್ಪೂಲ್ ತೆಗೆದರೆ ಅದನ್ನು ಅದೇ ತೂತಿಗೆ, ಅದೇ ದಿಕ್ಕಿನಲ್ಲಿ ಹಾಕಬೇಕು. ಮರಳು ಕಾಗದ ತಾಗಿಸಲೇಬಾರದು.

ಹೋಸಿನ ಒಂದು ವಿಚಿತ್ರ ದೋಷ ಅನೇಕರಿಗೆ ಗೊತ್ತಿಲ್ಲ. ಹೊರಗಿನಿಂದ ಹೊಸದರ ಹಾಗೆ ಕಾಣುವ ಹೋಸಿನ ಒಳಪದರ ಕಿತ್ತು ನೇತಾಡುತ್ತಿರುತ್ತದೆ. ಆಯಿಲ್ ಒಂದು ದಿಕ್ಕಿಗೆ ಹೋಗುವಾಗ ಅದು ಮಲಗುತ್ತದೆ, ವಾಪಸ್ ಬರುವಾಗ ಎದ್ದು ಅಡ್ಡ ನಿಲ್ಲುತ್ತದೆ. ಆಗ ಸಿಲಿಂಡರ್ ಒಂದು ಕಡೆಗೆ ಚುರುಕು, ಇನ್ನೊಂದು ಕಡೆಗೆ ತೆವಳು. ವಾಲ್ವ್ ಬಿಚ್ಚಿ, ಸಿಲಿಂಡರ್ ಬಿಚ್ಚಿ ಏನೂ ಸಿಗದೆ ತಲೆ ಕೆರೆದುಕೊಳ್ಳುವ ಮುಂಚೆ ಹೋಸ್ ಬದಲಿಸಿ ನೋಡಿ.

ಬೂಮ್ ತಾನಾಗಿ ಇಳಿಯುತ್ತಿದೆ

ಎತ್ತಿಟ್ಟ ಬೂಮ್ ನಿಧಾನಕ್ಕೆ ಕೆಳಗೆ ಬರುವುದು ಎಲ್ಲ ಗಾಡಿಗಳಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಸ್ಪೂಲ್ ಮತ್ತು ಅದರ ತೂತಿನ ನಡುವೆ ಸೀಲ್ ಇಲ್ಲ, ಸೂಕ್ಷ್ಮ ಸಂದು ಮಾತ್ರ. ಎಷ್ಟು ಇಳಿದರೆ ಸರಿ ಎಂದು ಮ್ಯಾನುಯಲ್‌ನಲ್ಲಿ ಇರುತ್ತದೆ. ಆಯಿಲ್ ಬಿಸಿ ಇದ್ದಾಗ ಸಿಲಿಂಡರ್ ರಾಡ್ ಮೇಲೆ ಗುರುತು ಹಾಕಿ, 10 ನಿಮಿಷ ಬಿಟ್ಟು ಅಳೆಯಿರಿ.

ಮಿತಿ ಮೀರಿದ್ದರೆ ಎಲ್ಲರೂ ಸಿಲಿಂಡರ್ ಸೀಲ್ ಕಿಟ್ ತರುತ್ತಾರೆ. ಇಲ್ಲಿ ಸ್ವಲ್ಪ ಯೋಚಿಸಬೇಕು. ಬೂಮ್ ಭಾರ ಸಿಲಿಂಡರಿನ ತಳದ ಆಯಿಲ್ ಮೇಲೆ ಕೂತಿರುತ್ತದೆ. ಪಿಸ್ಟನ್ ಸೀಲ್ ಹೋಗಿದ್ದರೆ ಆ ಆಯಿಲ್ ರಾಡ್ ಕಡೆಗೆ ನುಸುಳುತ್ತದೆ, ನಿಜ. ಆದರೆ ರಾಡ್ ಕಡೆ ಜಾಗ ಕಡಿಮೆ, ಏಕೆಂದರೆ ಅಲ್ಲಿ ರಾಡ್ ತುಂಬಿಕೊಂಡಿದೆ. ತಳದಿಂದ ಬಂದ ಅಷ್ಟೂ ಆಯಿಲ್ ಅಲ್ಲಿ ಹಿಡಿಯುವುದಿಲ್ಲ. ಎರಡೂ ಹೋಸ್ ಪೂರ್ತಿ ಮುಚ್ಚಿದ್ದರೆ, ಸೀಲೇ ಇಲ್ಲದ ಪಿಸ್ಟನ್ ಕೂಡ ಪೂರ್ತಿ ಇಳಿಯಲಾರದು. ಎಲ್ಲೋ ಒಂದು ಕಡೆ ಆಯಿಲ್ ಹೊರಗೆ ಹೋಗಲೇಬೇಕು, ಆ ದಾರಿ ಕಂಟ್ರೋಲ್ ವಾಲ್ವಿನ ಸ್ಪೂಲ್, ಪೋರ್ಟ್ ರಿಲೀಫ್ ಅಥವಾ ಇಳಿತ ತಡೆಯುವ ವಾಲ್ವ್. ಹೊಸ ಸೀಲ್ ಹಾಕಿದ ಮೇಲೂ ಬೂಮ್ ಇಳಿಯುತ್ತಲೇ ಇದೆ ಎಂಬ ದೂರಿಗೆ ಕಾರಣ ಬಹುತೇಕ ಇದೇ.

ಸಿಲಿಂಡರೋ ವಾಲ್ವೋ ಎಂದು ತಿಳಿಯಲು ಏನೂ ಬಿಚ್ಚದೆ ಮಾಡುವ ಪರೀಕ್ಷೆ ಒಂದಿದೆ. ಬೂಮ್ ಎತ್ತಿ ಇಂಜಿನ್ ಆಫ್ ಮಾಡಿ. ಯಾರೂ ಕೆಳಗಿರಬಾರದು. ಕೀ ಆನ್, ಲಾಕ್ ಲಿವರ್ ಕೆಲಸದ ಸ್ಥಾನದಲ್ಲಿ. ಇಳಿಯುವ ವೇಗ ಗಮನಿಸಿ. ಈಗ ಲಿವರನ್ನು ಬೂಮ್ ಎತ್ತುವ ದಿಕ್ಕಿಗೆ ಎಳೆಯಿರಿ. ಇಳಿಯುವ ವೇಗ ಜಾಸ್ತಿಯಾದರೆ ಪಿಸ್ಟನ್ ಸೀಲ್ ಹೋಗಿದೆ. ಏನೂ ಬದಲಾಗದಿದ್ದರೆ ವಾಲ್ವ್ ಕಡೆ ನೋಡಿ. ಎತ್ತಲು ಎಳೆದರೆ ಇಳಿಯುವುದೇಕೆ? ಆ ಸ್ಥಾನದಲ್ಲಿ ಸಿಲಿಂಡರಿನ ರಾಡ್ ಕಡೆ ಟ್ಯಾಂಕಿಗೆ ತೆರೆದುಕೊಳ್ಳುತ್ತದೆ. ತಳದ ಆಯಿಲ್ ಪಂಪ್ ಕಡೆಗೆ ಹೋಗದಂತೆ ಚೆಕ್ ವಾಲ್ವ್ ತಡೆಯುತ್ತದೆ. ಹೀಗಾಗಿ ಪಿಸ್ಟನ್ ದಾಟಿ ನುಸುಳಿದ ಆಯಿಲ್‌ಗೆ ಮಾತ್ರ ಹೊರಗೆ ಹೋಗುವ ದಾರಿ ಸಿಗುತ್ತದೆ. ಪೈಲಟ್ ಗಾಡಿಗಳಲ್ಲಿ ಇದಕ್ಕೆ ಅಕ್ಯುಮ್ಯುಲೇಟರ್‌ನಲ್ಲಿ (ಪೈಲಟ್ ಒತ್ತಡವನ್ನು ಸ್ವಲ್ಪ ಹೊತ್ತು ಹಿಡಿದಿಡುವ ಸಣ್ಣ ಪಾತ್ರೆ) ಒತ್ತಡ ಇರಬೇಕು. ಮುಗಿದಿದ್ದರೆ ಇಂಜಿನ್ನನ್ನು ಸ್ವಲ್ಪ ಓಡಿಸಿ ಮತ್ತೆ ನಿಲ್ಲಿಸಿ.

ಆರ್ಮ್, ಬಕೆಟ್ ಸಿಲಿಂಡರ್‌ಗಳಿಗೆ ನೇರ ಪರೀಕ್ಷೆ ಸುಲಭ. ಸಿಲಿಂಡರನ್ನು ಪೂರ್ತಿ ಚಾಚಿ, ಎಲ್ಲವನ್ನೂ ನೆಲಕ್ಕೆ ಕೂರಿಸಿ, ಒತ್ತಡ ಇಳಿಸಿ. ರಾಡ್ ಕಡೆಯ ಹೋಸ್ ಬಿಚ್ಚಿ, ಹೋಸಿನ ಬಾಯಿಗೆ ಸ್ಟೀಲ್ ಪ್ಲಗ್ ಹಾಕಿ. ಸಿಲಿಂಡರಿನ ತೆರೆದ ಬಾಯಿ ಕೆಳಗೆ ಒಂದು ಖಾಲಿ ಡಬ್ಬ ಇಡಿ. ಇಂಜಿನ್ನನ್ನು ಐಡಲ್‌ನಲ್ಲಿ ಓಡಿಸಿ, ಚಾಚುವ ದಿಕ್ಕಿಗೆ ಮಾತ್ರ ಲಿವರ್ ಎಳೆದು, ದೂರದಿಂದ ನೋಡಿ. ಮೊದಲು ಒಳಗಿದ್ದ ಸ್ವಲ್ಪ ಆಯಿಲ್ ಸುರಿದು ನಿಲ್ಲುತ್ತದೆ. ನಿಲ್ಲದೆ ಹರಿಯುತ್ತಲೇ ಇದ್ದರೆ ಸೀಲ್ ಹೋಗಿದೆ.

ಟ್ರ್ಯಾಕ್ ಒಂದು ಕಡೆ ಎಳೆಯುತ್ತದೆ

ಹೈಡ್ರಾಲಿಕ್ ಮುಟ್ಟುವ ಮುಂಚೆ ಎರಡೂ ಟ್ರ್ಯಾಕಿನ ಬಿಗಿ ಒಂದೇ ಇದೆಯೇ, ರೋಲರ್, ಸ್ಪ್ರಾಕೆಟ್ ನಡುವೆ ಕಲ್ಲು ಸಿಕ್ಕಿದೆಯೇ ನೋಡಿ. ಬ್ಲೇಡ್ ಮತ್ತು ಬಕೆಟ್ ಬಲದಿಂದ ಒಂದೊಂದು ಟ್ರ್ಯಾಕನ್ನು ನೆಲದಿಂದ ಎತ್ತಿ, ಖಾಲಿ ತಿರುಗಿಸಿ, ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎರಡನ್ನೂ ಎಣಿಸಿ ಹೋಲಿಸಿ.

ಖಾಲಿಯಲ್ಲೂ ಒಂದು ನಿಧಾನ ಇದ್ದರೆ, ಸೆಂಟರ್ ಜಾಯಿಂಟಿನ ಮೇಲ್ಭಾಗದಲ್ಲಿ ಎಡ ಮತ್ತು ಬಲ ಟ್ರ್ಯಾಕಿನ ಹೋಸ್‌ಗಳನ್ನು ಅದಲು ಬದಲು ಮಾಡಿ. ದೋಷ ಇನ್ನೊಂದು ಟ್ರ್ಯಾಕಿಗೆ ಹೋದರೆ ಕಾರಣ ಮೇಲೆ ಇದೆ: ಪಂಪ್, ಸ್ಪೂಲ್ ಅಥವಾ ಪೈಲಟ್. ಅದೇ ಟ್ರ್ಯಾಕಿನಲ್ಲಿ ಉಳಿದರೆ ಕಾರಣ ಕೆಳಗೆ: ಸೆಂಟರ್ ಜಾಯಿಂಟ್ ಅಥವಾ ಮೋಟಾರ್. ಆಮೇಲೆ ಜಾಯಿಂಟಿನ ಕೆಳಭಾಗದಲ್ಲಿ ಹೀಗೇ ಮಾಡಿದರೆ ಆ ಎರಡರಲ್ಲಿ ಯಾವುದು ಎಂದೂ ಗೊತ್ತಾಗುತ್ತದೆ.

ಗಾಡಿ ಓಡಿಸುವಾಗ ಬ್ಲೇಡ್ ತಾನಾಗಿ ಅಲುಗಿದರೆ ಸೆಂಟರ್ ಜಾಯಿಂಟಿನ ಸೀಲ್ ದಾಟಿ ಒಂದು ಲೈನಿನ ಆಯಿಲ್ ಇನ್ನೊಂದಕ್ಕೆ ಹೋಗುತ್ತಿದೆ. ಫಾಸ್ಟ್ ಸ್ಪೀಡ್ ಒತ್ತಿದಾಗ ಮಾತ್ರ ಗಾಡಿ ಒಂದು ಕಡೆ ಎಳೆದರೆ ಒಂದು ಮೋಟಾರ್ ಎರಡನೇ ಸ್ಪೀಡಿಗೆ ಹೋಗುತ್ತಿಲ್ಲ.

ಮೋಟಾರ್ ಮೇಲೆ ಅನುಮಾನ ಉಳಿದರೆ ಕೇಸ್ ಡ್ರೈನ್ ಅಳೆಯಿರಿ. ಇದು ಮೋಟಾರಿನ ಒಳಗೆ ನುಸುಳಿದ ಆಯಿಲ್ ವಾಪಸ್ ಬರುವ ತೆಳು ಹೋಸ್. ಅದನ್ನು ಬಿಚ್ಚಿ ಬಾಯಿಯನ್ನು ಒಂದು ಕ್ಯಾನಿಗೆ ಬಿಡಿ, ಟ್ಯಾಂಕ್ ಕಡೆಯ ತುದಿಗೆ ಪ್ಲಗ್ ಹಾಕಿ. ಟ್ರ್ಯಾಕನ್ನು ತಡೆದು ನಿಲ್ಲಿಸಿ ಲಿವರ್ ಒತ್ತಿ, ಅಷ್ಟೇ ಹೊತ್ತು ಎರಡೂ ಕಡೆ ಅಳೆದು ಹೋಲಿಸಿ. ಒಂದು ಕಡೆ ಬಹಳ ಜಾಸ್ತಿ ಬಂದರೆ ಆ ಮೋಟಾರ್ ಸವೆದಿದೆ. ಆದರೆ ಮೋಟಾರ್ ಕಡೆಯ ಡ್ರೈನ್ ಬಾಯಿ ಮುಚ್ಚಿ ಎಂದೂ ಮೋಟಾರ್ ಓಡಿಸಬಾರದು, ಶಾಫ್ಟ್ ಸೀಲ್ ಹಾರಿಹೋಗುತ್ತದೆ.

ಸ್ವಿಂಗ್ ಬಗ್ಗೆ ಚುಟುಕಾಗಿ: ತಿರುಗದಿದ್ದರೆ ಲಾಕ್ ಪಿನ್ ಮತ್ತು ಪಾರ್ಕಿಂಗ್ ಬ್ರೇಕ್ ಬಿಡುಗಡೆಯ ಪೈಲಟ್ ಲೈನ್ ನೋಡಿ. ಒಂದೇ ದಿಕ್ಕಿಗೆ ಬಲ ಕಡಿಮೆ ಇದ್ದರೆ ಮೋಟಾರ್ ಮೇಲಿರುವ ಎರಡು ರಿಲೀಫ್ ವಾಲ್ವ್‌ಗಳನ್ನು ಅದಲು ಬದಲು ಮಾಡಿ.

ಆಯಿಲ್ ಬಿಸಿಯಾಗುತ್ತಿದೆ

ಸುಮಾರು 80 ಡಿಗ್ರಿ ದಾಟಿ ಓಡುತ್ತಲೇ ಇದ್ದರೆ ಸೀಲ್ ಗಟ್ಟಿಯಾಗುತ್ತದೆ, ಆಯಿಲ್ ಬೇಗ ಕೆಡುತ್ತದೆ. ಮೊದಲು ಕೂಲರ್ ತೊಳೆಯಿರಿ. ರೇಡಿಯೇಟರ್ ಮತ್ತು ಆಯಿಲ್ ಕೂಲರ್ ನಡುವಿನ ಸಂದಿನಲ್ಲಿ ಧೂಳು, ಹುಲ್ಲು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಫ್ಯಾನ್ ಬೆಲ್ಟ್ ನೋಡಿ. ಆಮೇಲೂ ಬಿಸಿ ಎಂದರೆ ಎಲ್ಲೋ ಒತ್ತಡದ ಆಯಿಲ್ ಕೆಲಸ ಮಾಡದೆ ಟ್ಯಾಂಕಿಗೆ ಸುರಿಯುತ್ತಿದೆ. ಆ ಶಕ್ತಿಯೆಲ್ಲ ಶಾಖವಾಗುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ವಾಲ್ವ್ ಬ್ಲಾಕಿನ ಮೇಲೆ, ಸಿಲಿಂಡರ್ ಮೇಲೆ, ಮೋಟಾರ್ ಮೇಲೆ ಒಂದೊಂದಾಗಿ ನೋಡುತ್ತಾ ಹೋಗಿ. ಸುತ್ತಲಿನ ಭಾಗಕ್ಕಿಂತ ಬಹಳ ಬಿಸಿ ಇರುವ ಜಾಗದಲ್ಲಿ ಆಯಿಲ್ ನುಸುಳುತ್ತಿದೆ. ಎಕ್ಸ್‌ಟ್ರಾ ಲೈನಿನ ಪೆಡಲ್ ಲಾಕ್ ಆಗಿ ಉಳಿದಿದ್ದರೂ ಇಡೀ ದಿನ ರಿಲೀಫ್ ವಾಲ್ವ್ ತೆರೆದೇ ಇರುತ್ತದೆ.

ಹೊಸ ಭಾಗ ಹಾಕಿದ ಮೇಲೆ

ಪಂಪನ್ನೇ ಬದಲಿಸಬೇಕು ಎಂದು ಪರೀಕ್ಷೆಗಳು ಹೇಳಿದ್ದರೆ, ಹೊಸ ಪಂಪ್ ಕೂರಿಸುವ ಮುಂಚೆ ಟ್ಯಾಂಕ್, ಜಾಲರಿ, ಕೂಲರ್ ಪೂರ್ತಿ ತೊಳೆಯಿರಿ. ಹಳೆಯದರ ಲೋಹದ ಚೂರು ಹೊಸದನ್ನೂ ಬೇಗ ತಿನ್ನುತ್ತದೆ. ಪಂಪ್ ಕೇಸಿನ ಪ್ಲಗ್ ಬಿಚ್ಚಿ ಶುದ್ಧ ಆಯಿಲ್ ತುಂಬಿಸಿ. ಒಣ ಪಂಪ್ ಕೆಲವೇ ಸೆಕೆಂಡುಗಳಲ್ಲಿ ಹಾಳಾಗಬಹುದು. ಇಂಜಿನ್ನನ್ನು ಐಡಲ್‌ನಲ್ಲೇ ಇಟ್ಟು, ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಆಯಿಲ್ ಬರುವವರೆಗೆ ಸಡಿಲಿಸಿಡಿ.

ಸಿಲಿಂಡರ್ ಬಿಚ್ಚಿ ಜೋಡಿಸಿದ್ದರೆ ಮೊದಲ ಹಲವು ಸಲ ಕೊನೆಯವರೆಗೆ ಹೋಗದೆ, ಸ್ವಲ್ಪ ಮೊದಲೇ ನಿಲ್ಲಿಸುತ್ತಾ ನಿಧಾನ ಆಡಿಸಿ. ಒಳಗೆ ಸಿಕ್ಕ ಗಾಳಿ ಒಮ್ಮೆಲೇ ಒತ್ತಿದರೆ ಸುಡುವಷ್ಟು ಬಿಸಿಯಾಗಿ ಹೊಸ ಸೀಲನ್ನು ಕರಿಗಟ್ಟಿಸುತ್ತದೆ. ಗಾಳಿ ಹೋದ ಮೇಲೆ ಮಟ್ಟ ನೋಡಿ ಆಯಿಲ್ ತುಂಬಿ. ಕೆಲವು ಗಂಟೆ ಓಡಿದ ನಂತರ ಬಿಚ್ಚಿದ ಎಲ್ಲ ನಟ್ಟುಗಳನ್ನೂ ರಟ್ಟು ಹಿಡಿದು ಪರೀಕ್ಷಿಸಿ. ರಿಟರ್ನ್ ಫಿಲ್ಟರನ್ನು ಮಾಮೂಲಿ ಅವಧಿಗೆ ಕಾಯದೆ ಬೇಗ ತೆಗೆದು, ಮತ್ತೊಮ್ಮೆ ಕತ್ತರಿಸಿ ನೋಡಿ.